ಕತ್ತಲೆ ಕೋಣೆಗೆ ಒಂದು ದನಿ

ಫೆಬ್ರವರಿ 4, ಬುಧವಾರ

ಬಂದು ಸೇರಿದೆ. ಈ ಹೋಟೆಲು ಹಿಂದೆ ಕಣ್ಣಿನ ಆಸ್ಪತ್ರೆಯಾಗಿತ್ತಂತೆ. ಊರಿನ ಹಳೆಯ ಭಾಗದಲ್ಲಿದೆ. ಕಲ್ಲಿನ ಮೆಟ್ಟಿಲುಗಳು ನಡುವೆ ಸವೆದು ತಟ್ಟೆಯ ಹಾಗೆ ತಗ್ಗಾಗಿವೆ. ಆಸ್ಪತ್ರೆ ಮುಚ್ಚಿ ಎಷ್ಟೋ ಕಾಲ ಪಾಳುಬಿದ್ದಿದ್ದ ಕಟ್ಟಡವನ್ನು ಈಗಿನ ಯಜಮಾನಿ ಕೊಂಡು, ಒಂದೊಂದು ಕೋಣೆಯನ್ನು ಒಬ್ಬೊಬ್ಬ ಕಲಾವಿದರಿಗೆ ಒಪ್ಪಿಸಿದ್ದಾರೆ. ಒಂದು ಕೋಣೆಯ ಸೂರಿನ ತುಂಬ ಹಳೆಯ ಕನ್ನಡಕಗಳು ನೇತಾಡುತ್ತಿವೆ. ಇನ್ನೊಂದರಲ್ಲಿ ಗೋಡೆಯ ಸುತ್ತ ಅಕ್ಷರಗಳು. ಬಾಗಿಲ ಹತ್ತಿರ ಆಳೆತ್ತರ, ಹಾಸಿಗೆಯ ಹತ್ತಿರ ಬರುವಷ್ಟರಲ್ಲಿ ಇರುವೆಯಷ್ಟು. ಜನ ದುಡ್ಡು ಕೊಟ್ಟು ಇವುಗಳ ನಡುವೆ ಮಲಗಿ ಎದ್ದು ಹೋಗುತ್ತಾರೆ.

ನನಗೆ ಒಪ್ಪಿಸಿದ್ದು ಕೆಳಗಿನ ಕೊನೆಯ ಕೋಣೆ. ಅದಕ್ಕೆ ಕಿಟಕಿಯೇ ಇಲ್ಲ. ಶಸ್ತ್ರಚಿಕಿತ್ಸೆ ಆದವರನ್ನು ಬೆಳಕು ತಾಗದಂತೆ ಅಲ್ಲಿ ಮಲಗಿಸುತ್ತಿದ್ದರಂತೆ. ಈಗಲೂ ಎಲ್ಲರೂ ಕತ್ತಲೆ ಕೋಣೆ ಅಂತಲೇ ಕರೆಯುತ್ತಾರೆ. ಅಲ್ಲಿ ಉಳಿಯುವ ಅತಿಥಿ ಹಾಸಿಗೆಯ ಮೇಲೆ ಮಲಗಿ ಒಂದು ಗುಂಡಿ ಒತ್ತಿದರೆ ದೀಪ ಆರಿ ಕತೆ ಕೇಳಿಸಬೇಕು. ಕತೆ ನನ್ನದು. ದನಿ ಅವನದು.

ಅವನ ದನಿ ಅಂತ ಗೊತ್ತಾದ ಮೇಲೆಯೇ ನಾನು ಬರುತ್ತೇನೆ ಅಂದದ್ದು.

ನನ್ನ ಕತೆಗಳನ್ನು ಎಲ್ಲಿ ಓದಬೇಕಾಗಿ ಬಂದರೂ ಮೊದಲಿನಿಂದ ಅವನೇ ಓದುತ್ತಿದ್ದ. ನಾಟಕದವನು, ಒಳ್ಳೆಯ ಕಂಠ. ನಾಲ್ಕು ಜನರೆದುರು ನಿಂತರೆ ನನ್ನ ನಾಲಿಗೆ ಒಣಗುತ್ತದೆ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು, ಯಾವ ಪದವನ್ನು ಹೇಗೆ ಅಂದುಬಿಡುತ್ತೇನೋ ಅಂತ ಹೆದರಿಕೆ. ಅವನು ಓದುವಾಗ ನಾನು ಕೊನೆಯ ಸಾಲಿನಲ್ಲಿ ಕೂತು ನನ್ನದೇ ಕತೆಯನ್ನು ಬೇರೆ ಯಾರದೋ ಎಂಬಂತೆ ಕೇಳುತ್ತಿದ್ದೆ. ಮದುವೆಯಾಗುವುದು ಅಂತಿತ್ತು. ಅಕ್ಟೋಬರಿನಲ್ಲಿ ಬಿಟ್ಟುಹೋದ. ಆದರೂ ಈ ಕೆಲಸಕ್ಕೆ ಒಪ್ಪಿದ್ದಾನೆ. “ಅವಳ ಕತೆ ಅಂದ್ರೆ ನಾನೇ ಓದ್ಬೇಕು” ಅಂದನಂತೆ. ಯಜಮಾನಿ ಫೋನಿನಲ್ಲಿ ಇದನ್ನು ಹೇಳಿದಾಗ, ಸರಿಯಾಗಿ ಕೇಳಿಸಲಿಲ್ಲ ಅಂತ ಸುಳ್ಳು ಹೇಳಿ ಇನ್ನೊಮ್ಮೆ ಹೇಳಿಸಿಕೊಂಡೆ.

ಸಂಜೆ ತಂಗಿಯ ಫೋನು. “ಅಕ್ಕಾ, ನೀನು ಅಲ್ಲಿಗೆ ಹೋಗಿರೋದು ಕತೆ ಬರೆಯೋಕೋ, ಅವನನ್ನ ಕಾಯೋಕೋ?”

“ಕತೆ ಬರೆಯೋಕೆ.”

“ಹೂಂ ಹೂಂ” ಅಂದಳು. ಅವಳ ಆ ಹೂಂಕಾರಕ್ಕೆ ಫೋನಿನೊಳಗೆ ಕೈ ಹಾಕಿ ಜಡೆ ಎಳೆಯಬೇಕು ಅನ್ನಿಸಿತು.

ಫೆಬ್ರವರಿ 6, ಶುಕ್ರವಾರ

ಬೆಳಗಿನ ತಿಂಡಿ ಕೆಳಗಿನ ಅಂಗಳದಲ್ಲಿ. ಎಲ್ಲರೂ ಒಂದೇ ಉದ್ದನೆಯ ಮೇಜಿಗೆ ಕೂತು ತಿನ್ನಬೇಕು, ಅಪರಿಚಿತರು ಪರಿಚಿತರಾಗಬೇಕು ಎಂಬುದು ಯಜಮಾನಿಯ ಆಸೆ. ಮೆಟ್ಟಿಲ ತಿರುವಿನಲ್ಲಿ ನಿಂತು ನೋಡಿದೆ. ಆ ಮೇಜಿನಲ್ಲಿ ಒಂದೇ ಕುರ್ಚಿ ಖಾಲಿ ಇತ್ತು, ಅದೂ ನಟ್ಟನಡುವೆ. ವಾಪಸು ಮೇಲೆ, ನನಗೆ ಉಳಿಯಲು ಕೊಟ್ಟ ಕೋಣೆಗೆ ಬಂದು ನೀರು ಕುಡಿದೆ.

ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದು. ಕೋಣೆಗಳನ್ನು ಸ್ವಚ್ಛ ಮಾಡುವ ಹೆಂಗಸು. ಸೊಂಟದಲ್ಲಿ ಬೀಗದ ಕೈಗಳ ದೊಡ್ಡ ಗೊಂಚಲು. ಎಲ್ಲರೂ ಬೀಗದಕ್ಕ ಅನ್ನುತ್ತಾರೆ. ಕೈಯಲ್ಲಿ ಬ್ರೆಡ್ಡು, ಚಹಾ.

“ಕೆಳಗೆ ಬರೋಕೆ ನಾಚಿಕೇನಾ? ಅಲ್ಲಿರೋರು ನಿಮ್ಮನ್ನೇನೂ ತಿನ್ನಲ್ಲ. ಅವ್ರಿಗೆ ಬ್ರೆಡ್ಡೇ ಸಾಲ್ತಿಲ್ಲ.”

ನಗು ಬಂತು. ಆದರೆ ಥ್ಯಾಂಕ್ಸ್ ಅನ್ನುವುದರೊಳಗೆ ಅವಳು ಹೋಗಿಯಾಗಿತ್ತು.

ಫೆಬ್ರವರಿ 9, ಸೋಮವಾರ

ಬರೆಯುವುದು ಸಾಗುತ್ತಿಲ್ಲ. ಪ್ರತಿ ಸಾಲನ್ನೂ ಅವನ ದನಿಯಲ್ಲಿ ಕೇಳಿಕೊಂಡೇ ಬರೆಯುತ್ತೇನೆ. ಅವನು ಉಸಿರು ತೆಗೆದುಕೊಳ್ಳುವ ಕಡೆ ನಿಲ್ಲಿಸುತ್ತೇನೆ, ಅವನಿಗೆ ಕಷ್ಟವಾಗುವ ಪದ ಬಂದರೆ ಬಿಡುತ್ತೇನೆ. ಹೀಗೆ ಬಿಡುತ್ತಾ ಬಿಡುತ್ತಾ ಪುಟದಲ್ಲಿ ಏನೂ ಉಳಿಯಲಿಲ್ಲ.

ಹದಿನೈದಕ್ಕೆ ಬರುತ್ತಾನಂತೆ. ಯಜಮಾನಿ ಹೇಳಿದರು. ನಾನು “ಹೌದಾ” ಅಂದೆ, ಹವಾಮಾನದ ಸುದ್ದಿ ಕೇಳಿದವಳ ಹಾಗೆ.

ಫೆಬ್ರವರಿ 12, ಗುರುವಾರ

ಇವತ್ತು ಕತೆ ಸಿಕ್ಕಿತು.

ಕತ್ತಲೆ ಕೋಣೆಯಲ್ಲಿ ಸುಮ್ಮನೆ ಮಲಗಿದ್ದೆ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಹೆಂಗಸೊಬ್ಬಳು ಇಲ್ಲಿ ಮಲಗಿದ್ದಾಳೆ ಅಂದುಕೊಂಡೆ. ಅವಳ ಗಂಡನಾಗುವವನು ದಿನಾ ಬರುತ್ತಾನೆ. ಕುರ್ಚಿ ಎಳೆದುಕೊಂಡು ಕೂತು, ಇಲ್ಲದ ಕಿಟಕಿಯಿಂದ ಕಾಣುವುದನ್ನೆಲ್ಲ ಅವಳಿಗೆ ವರ್ಣಿಸುತ್ತಾನೆ. ಕಿಟಕಿ ಇಲ್ಲ ಅಂತ ಅವಳಿಗೆ ಗೊತ್ತು. ಗೊತ್ತಿದೆ ಅಂತ ಹೇಳುವುದಿಲ್ಲ. ಒಂದು ದಿನ ಅವನು ಬಂದಾಗ ಕುರ್ಚಿ ಎಳೆದ ಸದ್ದು ಕೇಳುವುದಿಲ್ಲ. ದನಿ ಬಾಗಿಲ ಹತ್ತಿರದಿಂದಲೇ ಬರುತ್ತದೆ. ಕೂತುಕೋ ಅನ್ನುತ್ತಾಳೆ.

“ಪರವಾಗಿಲ್ಲ, ನಿಂತೇ ಇರ್ತೀನಿ. ಕೂತ್ರೆ ಏಳೋಕೆ ಮನಸ್ಸಾಗಲ್ಲ.”

ಇದು ಅವನದೇ ಮಾತು. ಅಕ್ಟೋಬರಿನಲ್ಲಿ ನಮ್ಮ ಮನೆಯ ಬಾಗಿಲಲ್ಲಿ ನಿಂತು ಅಂದದ್ದು. ತಂಗಿ ಕುರ್ಚಿ ತಂದು ಹಾಕಿದಳು. ಅವನು ಕೂರಲಿಲ್ಲ. ಕೈಯಲ್ಲಿದ್ದ ಹೆಲ್ಮೆಟ್ಟನ್ನು ತಿರುಗಿಸುತ್ತಾ, ಇನ್ನೊಬ್ಬಳ ವಿಷಯ, ಮದುವೆ ಆಗದ ವಿಷಯ, ಎಲ್ಲವನ್ನೂ ನಿಂತೇ ಹೇಳಿ ಹೋದ. ಆ ಕುರ್ಚಿ ಸಂಜೆಯವರೆಗೂ ನಡುಮನೆಯಲ್ಲೇ ಇತ್ತು. ಅದನ್ನು ಎತ್ತಿಡೋಣ ಅಂತ ಯಾರಿಗೂ ಅನ್ನಿಸಲಿಲ್ಲ, ಎಲ್ಲರೂ ಸುತ್ತು ಹಾಕಿ ಓಡಾಡಿದೆವು.

ಮಾತನ್ನು ಒಂದಕ್ಷರವೂ ಬದಲಿಸದೆ ಕತೆಯಲ್ಲಿ ಹಾಕಿದ್ದೇನೆ. ಅವನು ಬಂದು ಇದನ್ನು ಓದುವಾಗ ನಾನು ಅಲ್ಲೇ ಇರುತ್ತೇನೆ. ಆ ಸಾಲು ಬಂದಾಗ ಅವನು ನಿಲ್ಲುತ್ತಾನೆ. ನಿಲ್ಲಲೇಬೇಕು. ನನ್ನ ಕಡೆ ನೋಡುತ್ತಾನೆ. ಆಮೇಲೆ ಏನಾಗುತ್ತದೆ ಅಂತ ಗೊತ್ತಿಲ್ಲ, ಆದರೆ ಏನಾದರೂ ಆಗುತ್ತದೆ.

ಬೀಗದಕ್ಕ ಹಾಸಿಗೆ ಬದಲಿಸಲು ಬಂದವಳು, “ಅದೇನು ಅಷ್ಟೊಂದು ಗೀಚಿದ್ದೀರಲ್ಲ, ಏನಿದೆ ಓದಿ” ಅಂದಳು. ಅವಳ ಎರಡೂ ಕೈ ದಿಂಬಿನ ಗವಸಿನೊಳಗಿದ್ದವು, ಕಾಗದ ಕೊಡುವ ಹಾಗಿರಲಿಲ್ಲ. ಒಂದು ಪುಟ ಓದಿದೆ, ಗೊಣಗಿದ ಹಾಗೆ.

“ಏನಂದ್ರೀ? ದಿಂಬಿಗೆ ಹೇಳ್ತಿದ್ದೀರೋ, ನನಗೋ?”

ಇನ್ನೊಮ್ಮೆ ಓದಿದೆ.

ಫೆಬ್ರವರಿ 15, ಭಾನುವಾರ

ಬರಲಿಲ್ಲ. ನಾಟಕದ ತಾಲೀಮಂತೆ. ಮುಂದಿನ ವಾರ ನೋಡೋಣ ಅಂದನಂತೆ.

ಫೆಬ್ರವರಿ 17, ಮಂಗಳವಾರ

ಬೀಗದಕ್ಕ ಈಗ ನನ್ನ ಕೋಣೆಯನ್ನು ಕೊನೆಗೆ ಇಟ್ಟುಕೊಳ್ಳುತ್ತಾಳೆ. ಹಾಸಿಗೆ ಸರಿಮಾಡಿ ಅದರ ಮೇಲೇ ಕೂತು, “ಹೂಂ, ಶುರುಮಾಡಿ” ಅನ್ನುತ್ತಾಳೆ. ಹೊಸದಾಗಿ ಬರೆದದ್ದನ್ನು ಓದುತ್ತೇನೆ. ಓದುವಾಗ ಯಾವ ಸಾಲು ಕುಂಟುತ್ತದೆ ಅಂತ ಗೊತ್ತಾಗಿ ಆಮೇಲೆ ತಿದ್ದುತ್ತೇನೆ. ಇದೊಂದು ಅನುಕೂಲ.

ಇವತ್ತು ಮಧ್ಯದಲ್ಲೇ ತಡೆದಳು. “ಆ ಹುಡುಗಿ ಯಾಕೆ ಸುಮ್ನಿದ್ದಾಳೆ? ಹೋಗೋದಾದ್ರೆ ಹೋಗು ಅನ್ಬಾರ್ದಾ?”

“ಹೋಗು ಅಂದ್ರೆ ಹೋಗ್ಬಿಡ್ತಾನಲ್ಲಕ್ಕ.”

“ಅನ್ನದಿದ್ರೆ ಇರ್ತಾನಾ?”

ಅವಳು ಎದ್ದು ತಾನು ಕೂತು ಸುಕ್ಕುಮಾಡಿದ ಹೊದಿಕೆಯನ್ನು ಮತ್ತೆ ಸರಿಮಾಡಿದಳು. “ನನ್ನ ಮಗಳೂ ಹೀಗೇ. ಬಾಯಿ ಬಿಟ್ರೆ ಮುತ್ತು ಉದುರಿ ಕಳೆದುಹೋಗತ್ತೇನೋ ಅನ್ನೋ ಹಾಗೆ ಇರ್ತಾಳೆ. ಮುಂದೇನಾಗತ್ತೆ?”

“ನಾಳೆ.”

“ಹೊಟ್ಟೆ ಉರಿಸ್ಬೇಡಿ” ಅಂತ ಗೊಂಚಲು ಝಣಝಣಿಸಿಕೊಂಡು ಹೋದಳು.

ಫೆಬ್ರವರಿ 20, ಶುಕ್ರವಾರ

ರೆಕಾರ್ಡಿಂಗ್ ಮಾಡುವವರು ಬಂದಿದ್ದಾರೆ. ನಡುವಯಸ್ಸಿನವರು, ಮೆತ್ತಗೆ ನಡೆಯುತ್ತಾರೆ, ಮೆತ್ತಗೆ ಮಾತಾಡುತ್ತಾರೆ. ಸದ್ದಿನಣ್ಣ ಅಂತ ಬೀಗದಕ್ಕ ಹೆಸರಿಟ್ಟಾಯಿತು. ಕತ್ತಲೆ ಕೋಣೆಯಲ್ಲಿ ದನಿ ಗುಂಯ್‌ಗುಡಬಾರದು ಅಂತ ಹೋಟೆಲಿನ ಹಳೆಯ ರಜಾಯಿಗಳನ್ನೆಲ್ಲ ತರಿಸಿ ಗೋಡೆಗೆ ತೂಗುಹಾಕಿದರು. ಒಳಗೆ ಹೋದರೆ ದೊಡ್ಡ ಪ್ರಾಣಿಯ ಹೊಟ್ಟೆಯಲ್ಲಿ ನಿಂತ ಹಾಗಿದೆ.

ಮೈಕು ಸರಿಯಿದೆಯೇ ನೋಡಬೇಕಿತ್ತು. “ಏನಾದ್ರೂ ಹೇಳಮ್ಮ” ಅಂದರು. ಏನು ಹೇಳಬೇಕೋ ತಿಳಿಯದೆ, ಕೈಯಲ್ಲಿದ್ದ ಕತೆಯ ಮೊದಲ ಪುಟ ಓದಿದೆ. ಕತ್ತಲಿತ್ತು, ಪುಟಕ್ಕೆ ಮಾತ್ರ ಸಣ್ಣ ದೀಪ. ಮುಂದೆ ಇರುವವರ ಮುಖ ಕಾಣುತ್ತಿರಲಿಲ್ಲ.

ಓದಿ ಮುಗಿಸಿದಾಗ ಅವರು ಕಿವಿಗೆ ಹಾಕಿದ್ದನ್ನು ತೆಗೆದರು. “ನೀವೇ ಓದ್ಬಿಡಿ. ಅವ್ರು ಯಾಕೆ?”

ಅಷ್ಟರಲ್ಲಿ ಬಾಗಿಲಲ್ಲಿ ಯಜಮಾನಿ. ಯಾವಾಗ ಬಂದರೋ. “ಅಯ್ಯೋ, ಎಷ್ಟು ಚೆನ್ನಾಗಿ ಓದ್ತೀರಿ! ಮೊದ್ಲೇ ಹೇಳಬಾರದಿತ್ತಾ? ಅವ್ರಿಗೆ ಪುರುಸೊತ್ತಿಲ್ಲ, ದಿನ ಮುಂದಕ್ಕೆ ಹಾಕ್ತಾನೇ ಇದ್ದಾರೆ. ಈಗ್ಲೇ ಫೋನ್ ಮಾಡಿ ಬರೋದು ಬೇಡ ಅಂದ್ಬಿಡ್ಲಾ?”

ನಾನು ಕೆಮ್ಮಿದೆ.

“ಗಂಟಲು ಕೆಟ್ಟಿದೆ” ಅಂದೆ. “ಒಂದು ಪುಟಕ್ಕಿಂತ ಹೆಚ್ಚು ಓದೋಕಾಗಲ್ಲ.” ಮತ್ತೆ ಕೆಮ್ಮಿದೆ, ಕಣ್ಣಲ್ಲಿ ನೀರು ಬರುವ ಹಾಗೆ.

ಗಂಟಲಿಗೆ ಏನೂ ಆಗಿಲ್ಲ. ನಾನು ಓದಿದರೆ ಅವನು ಬರಬೇಕಾಗಿಲ್ಲ. ಇಲ್ಲಿಗೆ ಮಾತ್ರವಲ್ಲ, ಇನ್ನು ಮುಂದೆ ಎಲ್ಲಿಗೂ.

ಫೆಬ್ರವರಿ 21, ಶನಿವಾರ

ಕೆಮ್ಮಿನ ಸುದ್ದಿ ಇಡೀ ಹೋಟೆಲಿಗೆ ಹಬ್ಬಿದೆ. ಯಜಮಾನಿ ಜೇನುತುಪ್ಪದ ಬಾಟಲಿ ಕಳಿಸಿದರು. ಸದ್ದಿನಣ್ಣ ಚಪ್ಪರಿಸುವ ಮಾತ್ರೆ ಕೊಟ್ಟರು, ಬಾಯೆಲ್ಲ ಜೋಮು ಹಿಡಿಯಿತು. ಕನ್ನಡಕದ ಕೋಣೆಯಲ್ಲಿರುವ ಮುದುಕರೊಬ್ಬರು ತಾವು ಸುತ್ತಿಕೊಂಡಿದ್ದ ಉಣ್ಣೆಯ ಮಫ್ಲರನ್ನೇ ಬಿಚ್ಚಿ ಕೊಡಲು ಬಂದರು. ಮೆಟ್ಟಿಲಲ್ಲಿ ಯಾರು ಎದುರಾದರೂ ನೆನಪಿಟ್ಟುಕೊಂಡು ಕೆಮ್ಮಬೇಕು. ಕೆಮ್ಮಿ ಕೆಮ್ಮಿ ಈಗ ನಿಜವಾಗಿಯೂ ಸ್ವಲ್ಪ ನೋಯುತ್ತಿದೆ.

ಫೋನಿನಲ್ಲಿ ತಂಗಿ ಕೇಳಿದಳು, “ಗಂಟಲು ಕೆಟ್ಟಿದೆ ಅಂತೀಯ, ಒಂದ್ಸಲವೂ ಕೆಮ್ಮಲಿಲ್ಲವಲ್ಲೇ?”

“ನಿನ್ನ ಹತ್ರ ಯಾಕೆ ಕೆಮ್ಮಲಿ?”

ಅವಳು ದಡ್ಡಿಯಲ್ಲ. “ಅಕ್ಕಾ, ಮನೆಗೆ ಬಂದ್ಬಿಡೆ” ಅಂದಳು. ಯಾವತ್ತಿನ ತಮಾಷೆ ದನಿಯಲ್ಲಿರಲಿಲ್ಲ.

ಫೆಬ್ರವರಿ 24, ಮಂಗಳವಾರ

ಕತೆ ಮುಗಿಯಿತು. ಯಜಮಾನಿಗೆ ಕೊಟ್ಟೆ. ತಿಂಡಿಯ ಮೇಜಿನಲ್ಲೇ ಓದಿ, ಕನ್ನಡಕ ತೆಗೆದು ಮೂಗು ಒರೆಸಿಕೊಂಡರು. ಆಮೇಲೆ ಕೊನೆ ಬದಲಿಸಬೇಕು ಅಂದರು.

“ಅವನು ಹೋಗೋದು ಬೇಡ. ಬಾಗಿಲಿಂದ ನಾಲ್ಕು ಹೆಜ್ಜೆ ಹೋಗಿ ವಾಪಸ್ ಬಂದು ಕುರ್ಚಿ ಎಳೆದುಕೊಳ್ಳಲಿ. ದುಡ್ಡು ಕೊಟ್ಟು ಮಲಗೋಕೆ ಬರೋರನ್ನ ಅಳಿಸಿ ಕಳಿಸೋದು ಚೆನ್ನಾಗಿರಲ್ಲ.”

“ಆಗಲ್ಲ” ಅಂದೆ. “ಅವನು ವಾಪಸ್ ಬರೋ ಜಾತಿಯಲ್ಲ. ಬಂದ್ರೆ ಕತೆ ಸುಳ್ಳಾಗತ್ತೆ. ಆ ಕತ್ತಲಲ್ಲಿ ಮಲಗಿರೋರಿಗೆ ಸುಳ್ಳು ತಕ್ಷಣ ಗೊತ್ತಾಗತ್ತೆ, ಮೇಡಂ. ನೋಡೋಕೆ ಬೇರೇನೂ ಇರಲ್ಲವಲ್ಲ.”

ಅವರು ನನ್ನನ್ನೇ ನೋಡಿದರು. “ನೀವು ಮಾತಾಡಲ್ಲ ಅಂದ್ಕೊಂಡಿದ್ದೆ” ಅಂದು ಬೆಣ್ಣೆಯನ್ನು ನನ್ನ ಕಡೆ ಸರಿಸಿದರು. ಕೊನೆ ಹಾಗೇ ಉಳಿಯಿತು.

ಮೇಲೆ ಬಂದ ಮೇಲೆ ನೆನಪಾಯಿತು, ಅಷ್ಟು ಹೊತ್ತೂ ಒಮ್ಮೆಯೂ ಕೆಮ್ಮಿರಲಿಲ್ಲ. ಇನ್ನು ಎಚ್ಚರವಾಗಿರಬೇಕು.

ಫೆಬ್ರವರಿ 26, ಗುರುವಾರ

ನಾಳೆ ಬರುತ್ತಾನೆ. ಖಚಿತ. ಟಿಕೆಟ್ಟೂ ಆಗಿದೆಯಂತೆ.

ತಲೆಗೆ ಸ್ನಾನ ಮಾಡಿದೆ. ನೀಲಿ ಬಟ್ಟೆಯನ್ನು ಇಸ್ತ್ರಿ ಮಾಡಿದೆ. ತೋಳಿನ ಹತ್ತಿರ ಮಡಿಕೆ ಉಳಿದಿತ್ತು, ಇನ್ನೊಮ್ಮೆ ಮಾಡಿದೆ.

“ಯಾರಿಗಿದು?” ಬೀಗದಕ್ಕ.

“ಯಾರಿಗೂ ಇಲ್ಲ.”

“ಯಾರಿಗೂ ಇಲ್ಲದ್ದಕ್ಕೆ ಇಷ್ಟು ಇಸ್ತ್ರೀನಾ?” ಅಂದಳು. ಆಮೇಲೆ ನನ್ನ ಕೈಯಿಂದ ಇಸ್ತ್ರಿಪೆಟ್ಟಿಗೆ ತೆಗೆದುಕೊಂಡು ಆ ಮಡಿಕೆಯನ್ನು ತಾನೇ ತೆಗೆದಳು.

ಫೆಬ್ರವರಿ 27, ಶುಕ್ರವಾರ

ಎಲ್ಲವನ್ನೂ ಬರೆದುಬಿಡುತ್ತೇನೆ. ನಾಳೆಗೆ ಬಿಟ್ಟರೆ ಬರೆಯಲಾರೆ.

ಬೆಳಿಗ್ಗೆ ಬಂದ. ಒಬ್ಬನೇ ಬರಲಿಲ್ಲ. ನಾನು ಅಂಗಳಕ್ಕೆ ಇಳಿದಾಗ ಉದ್ದನೆಯ ಮೇಜಿನ ತುದಿಯಲ್ಲಿ ಒಬ್ಬಳು ಕಿತ್ತಳೆ ಸುಲಿಯುತ್ತಾ ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು, ಸಿಪ್ಪೆ ಕೈಯಲ್ಲೇ.

“ನೀವೇನಾ ಇಲಿಮರಿ?”

ಆ ಹೆಸರಲ್ಲಿ ನನ್ನನ್ನು ಕರೆಯುತ್ತಿದ್ದವನು ಅವನೊಬ್ಬನೇ. ಸಭೆಗಳಲ್ಲಿ ಕೊನೆಯ ಸಾಲಿನಲ್ಲಿ ಅಡಗಿ ಕೂರುತ್ತಿದ್ದೆನಲ್ಲ, ಅದಕ್ಕೆ. ನನ್ನ ತಂಗಿಗೂ ಅದು ಗೊತ್ತಿಲ್ಲ. ಅವನ ಜೊತೆ ಬಂದವಳು ಕೆಟ್ಟ ಮನಸ್ಸಿನಿಂದ ಅನ್ನಲಿಲ್ಲ. ನಿಮ್ಮ ಕತೆಗಳೆಂದರೆ ಇವರಿಗೆ ಪ್ರಾಣ ಅಂದಳು, ಅರ್ಧ ಕಿತ್ತಳೆ ಕೊಟ್ಟಳು. ತೆಗೆದುಕೊಂಡೆ. ಎಲ್ಲಿ ಇಟ್ಟೆನೋ ಗೊತ್ತಿಲ್ಲ.

ಅವನು ಸ್ವಲ್ಪ ದಪ್ಪಗಾಗಿದ್ದಾನೆ. “ಏನೇ, ಗಂಟಲು ಕೆಡಿಸಿಕೊಂಡಿದ್ದೀಯಂತೆ? ಇದ್ದ ಒಂದು ಚೂರು ದನಿಯನ್ನೂ ಕಳ್ಕೊಂಡ್ಯಾ?” ಅಂತ ನಕ್ಕ. ನಾನು ಕೆಮ್ಮಿದೆ. ಅವನ ಎದುರೂ ಕೆಮ್ಮಿದೆ.

ಕತ್ತಲೆ ಕೋಣೆಗೆ ನಾವು ಮೂವರು ಹೋದೆವು, ಅವನು, ಸದ್ದಿನಣ್ಣ, ನಾನು. ಓದಿಗೆ ಮೊದಲು ಸದ್ದಿನಣ್ಣ ಒಂದು ಪದ್ಧತಿ ನಡೆಸುತ್ತಾರೆ. ಎಲ್ಲರೂ ಅಲ್ಲಾಡದೆ ಕೂರಬೇಕು, ಖಾಲಿ ಕೋಣೆಯ ಸದ್ದನ್ನು ಅವರು ಒಂದಷ್ಟು ಹೊತ್ತು ಹಿಡಿದಿಟ್ಟುಕೊಳ್ಳುತ್ತಾರೆ. ಆಮೇಲೆ ಓದಿನಲ್ಲಿ ಎಲ್ಲಾದರೂ ಕತ್ತರಿಸಬೇಕಾದರೆ ತೇಪೆಗೆ ಬೇಕಾಗುತ್ತದಂತೆ. “ಸುಮ್ನೆ ಇರೋದು ಅಂದ್ರೂ ಒಂದೊಂದು ಕೋಣೇದು ಒಂದೊಂದು ಥರ ಇರತ್ತೆ” ಅಂದರು. ದೀಪ ಆರಿತು.

ಯಾರೂ ಮಾತಾಡಬಾರದು. ಯಾರೂ ಎದ್ದು ಹೋಗಬಾರದು. ಅವನ ಉಸಿರು ಕೇಳುತ್ತಿತ್ತು, ಮೂಗಿನಲ್ಲಿ ಆ ಸಣ್ಣ ಸಿಳ್ಳೆಯ ಸಮೇತ. ಅವನು ಕುರ್ಚಿಯ ಮೇಲೆ ಕೂತಿದ್ದ. ಅಕ್ಟೋಬರಿನಿಂದ ಇಷ್ಟು ದಿನ ನಾನು ಬೇಡಿಕೊಂಡದ್ದು ಇಷ್ಟನ್ನೇ ಇರಬೇಕು ಅನ್ನಿಸಿತು. ಸದ್ದಿನಣ್ಣ “ಆಯ್ತು” ಅನ್ನದೇ ಇರಲಿ ಅಂದುಕೊಂಡೆ.

“ಆಯ್ತು” ಅಂದರು.

ಅವನು ಓದಿದ. ಹೇಗೆ ಓದಿದ ಅಂತ ಬರೆಯಲು ಬರುವುದಿಲ್ಲ. ನಾನು ಬರೆದದ್ದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಇಲ್ಲದ ಕಿಟಕಿಯ ಭಾಗಕ್ಕೆ ಬಂದಾಗ ನನಗೇ ಕಿಟಕಿ ಕಂಡಿತು. ಆಮೇಲೆ ಬಾಗಿಲಲ್ಲಿ ನಿಂತ ಭಾಗ ಬಂತು. ಹುಡುಗಿ ಕೂತುಕೋ ಅನ್ನುತ್ತಾಳೆ. ನಾನು ನೀಲಿ ಬಟ್ಟೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡೆ.

“ಪರವಾಗಿಲ್ಲ, ನಿಂತೇ ಇರ್ತೀನಿ. ಕೂತ್ರೆ ಏಳೋಕೆ ಮನಸ್ಸಾಗಲ್ಲ.”

ಅವನು ನಿಂತ. ಓದುವುದನ್ನು ನಿಲ್ಲಿಸಿ ತಲೆ ಎತ್ತಿದ. ಪುಟದ ಸಣ್ಣ ದೀಪದಲ್ಲಿ ಅವನ ಮುಖ ಅರ್ಧ ಕಾಣುತ್ತಿತ್ತು. ನಾನು ಅಂದುಕೊಂಡಿದ್ದ ಹಾಗೆಯೇ ನನ್ನ ಕಡೆ ನೋಡಿದ.

“ಏ, ಈ ಸಾಲು ಎಲ್ಲಿಂದ ಸಿಕ್ತೇ ನಿನಗೆ? ಎಷ್ಟು ಚೆನ್ನಾಗಿದೆ! ಒಂದೇ ಮಾತಲ್ಲಿ ಆ ಹೇಡಿ ಪೂರ್ತಿ ಕಾಣಿಸ್ತಾನೆ.”

ಅವನ ಮುಖದಲ್ಲಿ ಏನಾದರೂ ಬಚ್ಚಿಟ್ಟಿದ್ದಾನೆಯೇ ಎಂದು ಹುಡುಕಿದೆ. ಏನೂ ಇರಲಿಲ್ಲ. ನಿಜವಾದ ಸಂತೋಷ ಇತ್ತು.

“ಯಾರೋ ಅಂದಿದ್ದು” ಅಂದೆ.

“ಸೂಪರ್” ಅಂದು, ಸದ್ದಿನಣ್ಣನ ಕಡೆ ತಿರುಗಿ, “ಸಾರಿ ಸಾರ್, ಆ ಸಾಲಿಂದ ಮತ್ತೆ ತಗೊಳ್ಳೋಣ” ಅಂದ. ಮತ್ತೆ ಓದಿದ. ಎರಡನೇ ಸಲ ಇನ್ನೂ ಚೆನ್ನಾಗಿತ್ತು.

ಮಧ್ಯಾಹ್ನ ಮುಗಿಯಿತು. ಅಂಗಳದಲ್ಲಿ ಎಲ್ಲರೂ ಅವನಿಗೆ ಚಪ್ಪಾಳೆ ತಟ್ಟಿದರು. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದ. ಅವರಿಬ್ಬರೂ ದೂರದ ಊರಿಗೆ ಹೋಗಿ ನೆಲೆಸುತ್ತಾರಂತೆ. “ಇನ್ಮೇಲೆ ಓದೋಕೆ ಬೇರೆ ಯಾರನ್ನಾದ್ರೂ ನೋಡ್ಕೊ, ಇಲಿಮರಿ. ಗಂಟಲು ಹುಷಾರು.”

ಹೂಂ ಅಂದೆ.

ಫೆಬ್ರವರಿ 28, ಶನಿವಾರ

ಏಳಲಿಲ್ಲ.

ಮಾರ್ಚ್ 2, ಸೋಮವಾರ

ಬೀಗದಕ್ಕ ನಿನ್ನೆ ಎರಡು ಸಲ ಬಡಿದಳು, ಇವತ್ತು ತನ್ನ ಗೊಂಚಲಿನಿಂದಲೇ ಬಾಗಿಲು ತೆಗೆದಳು. “ಕೋಣೆ ಗುಡಿಸ್ಬೇಕು. ನೀವು ಕಸ ಅಲ್ಲವಲ್ಲ, ಏಳಿ” ಅಂದಳು. ಮುಖ ತೊಳೆಸಿ, ಬಲವಂತ ಮಾಡಿ ಸೂಪು ಕುಡಿಸಿದಳು.

ಆಮೇಲೆ ಇಬ್ಬರೂ ಕತ್ತಲೆ ಕೋಣೆಗೆ ಹೋದೆವು. ರಜಾಯಿಗಳನ್ನು ಇನ್ನೂ ತೆಗೆದಿಲ್ಲ. ಸದ್ದಿನಣ್ಣ ಓದನ್ನು ಅಲ್ಲಿನ ಸ್ಪೀಕರಿಗೆ ಜೋಡಿಸಿದ್ದರು. ಹಾಸಿಗೆಯ ಎರಡು ಬದಿಗೆ ನಾವಿಬ್ಬರೂ ಮಲಗಿ ಗುಂಡಿ ಒತ್ತಿದೆವು. ದೀಪ ಆರಿತು, ಅವನು ಬಂದ. ಕಿವಿಯ ಹತ್ತಿರವೇ. ಇದು ಇಲ್ಲಿ ವರ್ಷಗಟ್ಟಲೆ ಇರುತ್ತದೆ. ಯಾವಾಗ ಬಂದು ಗುಂಡಿ ಒತ್ತಿದರೂ ಅವನು ಓದುತ್ತಾನೆ. ಬೇಸರವಿಲ್ಲ, ತಾಲೀಮಿಲ್ಲ, ಟಿಕೆಟ್ಟು ಬೇಡ. ಇಲ್ಲೇ ಕೆಲಸಕ್ಕೆ ಸೇರಿಕೊಂಡರೆ ಹೇಗೆ ಅಂತಲೂ ಯೋಚಿಸಿದೆ. ನಗುವ ವಿಷಯವಲ್ಲ, ನಿಜವಾಗಿ ಯೋಚಿಸಿದೆ. ಹಾಸಿಗೆ ಬದಲಿಸಲು ನನಗೂ ಬರುತ್ತದೆ.

ಮುಗಿದ ಮೇಲೆ ಬೀಗದಕ್ಕ ಎದ್ದು ಕೂತಳು. ಕತ್ತಲಲ್ಲಿ ಬೀಗದ ಕೈಗಳು ಸದ್ದು ಮಾಡಿದವು.

“ಚೆನ್ನಾಗಿ ಓದ್ತಾರೆ. ಮೇಷ್ಟ್ರು ಪದ್ಯ ಓದಿದ ಹಾಗೆ. ಆದ್ರೆ ಅವ್ರಿಗೇನೂ ಆಗಿಲ್ಲ ನೋಡಿ.”

“ಏನಕ್ಕ ಹಾಗಂದ್ರೆ?”

“ನೀವು ಓದುವಾಗ ಆ ಹುಡುಗಿ ಕೂತ್ಕೊ ಅಂತಾಳಲ್ಲ, ನಂಗೆ ಎದ್ದು ಕುರ್ಚಿ ಹುಡುಕ್ಬೇಕು ಅನ್ನಿಸ್ತಿತ್ತು. ಇವ್ರು ಓದಿದ್ರೆ ಚಪ್ಪಾಳೆ ಹೊಡೀಬೇಕು ಅನ್ನಿಸತ್ತೆ.” ಆಮೇಲೆ, “ನಿಂತೇ ಇರ್ತೀನಿ ಅನ್ನೋ ಮಾತು ಅವ್ರೇ ಅಂದಿದ್ದಾ?” ಅಂದಳು.

ಕತ್ತಲಿತ್ತು. ಹೂಂ ಅಂದೆ.

“ನೆನಪಿಲ್ಲವಾ ಅವ್ರಿಗೆ?”

“ಇಲ್ಲಕ್ಕ.”

ಅವಳು ನನ್ನ ಕೈ ಹುಡುಕಲು ಹೋಗಿ ದಿಂಬು ಹಿಡಿದಳು. ಆಮೇಲೆ ಕೈ ಸಿಕ್ಕಿತು.

ಮಾರ್ಚ್ 4, ಬುಧವಾರ

ಯಜಮಾನಿಯ ಹತ್ತಿರ ಹೋಗಿ, ಕತೆಯನ್ನು ನಾನೇ ಓದುತ್ತೇನೆ ಅಂದೆ.

“ಅವ್ರ ಹೆಸರು ಬೋರ್ಡಿಗೆ ಬರೆಸಿ ಆಗಿದೆಯಮ್ಮ!”

“ಅಳಿಸಿ.”

“ಅಷ್ಟು ಚೆನ್ನಾಗಿ ಓದಿದ್ದಾರೆ. ಅವ್ರ ಹೆಸರಿಗೇ ಜನ ಬರ್ತಾರೆ. ನಿಮಗೆ ಗಂಟಲು ಬೇರೆ...”

“ಗಂಟಲಿಗೆ ಏನೂ ಆಗಿರ್ಲಿಲ್ಲ ಮೇಡಂ. ಸುಳ್ಳು ಹೇಳಿದ್ದೆ. ಆ ಜೇನುತುಪ್ಪ ಹಾಗೇ ಇದೆ, ವಾಪಸ್ ಕೊಡ್ತೀನಿ.”

ಅವರು ಕೊನೆಗೆ, ಓದಿ ನೋಡಿ, ಕೇಳಿ ತೀರ್ಮಾನ ಮಾಡುತ್ತೇನೆ ಅಂದರು.

ಓದಿದೆ. ಮೂರು ಕಡೆ ತಪ್ಪಿತು. ಒಂದು ಕಡೆ ನಿಲ್ಲಿಸಬೇಕಾಯಿತು. ಸದ್ದಿನಣ್ಣ ಕಾದು, ಮತ್ತೆ ಶುರುಮಾಡಿಸಿದರು. ಆ ಸಾಲನ್ನು ಅವನ ಹಾಗೆ ಅನ್ನಲು ಹೋಗಲಿಲ್ಲ. ಬಾಗಿಲಲ್ಲಿ ನಿಂತು ಅವನು ಅಂದಿದ್ದನ್ನು ಒಳಗೆ ಮಲಗಿದ್ದವಳಿಗೆ ಹೇಗೆ ಕೇಳಿಸಿತೋ ಹಾಗೆ ಅಂದೆ. ಮೆತ್ತಗೆ, ದೂರದಿಂದ.

ಯಜಮಾನಿ ದೀಪ ಆರಿಸಿಕೊಂಡು ಒಬ್ಬರೇ ಕೇಳಿದರು. ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೆ. ಹೊರಗೆ ಬಂದವರು ಚೆನ್ನಾಗಿದೆ ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ನನ್ನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತು, ಬೀಗದಕ್ಕನನ್ನು ಕರೆದು, “ಒಂದು ಚಹಾ ಕೊಡಮ್ಮ” ಅಂದರು. ಆಮೇಲೆ ಫೋನು ತೆಗೆದು ಬೋರ್ಡು ಬರೆಯುವವನಿಗೆ ಕರೆ ಮಾಡಿದರು.

ಮಾರ್ಚ್ 6, ಶುಕ್ರವಾರ

ಇದನ್ನು ಬಸ್ಸಿನಲ್ಲಿ ಬರೆಯುತ್ತಿದ್ದೇನೆ. ಅಕ್ಷರಗಳು ಕುಣಿಯುತ್ತಿವೆ.

ಬೆಳಿಗ್ಗೆ ಸದ್ದಿನಣ್ಣ ರಜಾಯಿಗಳನ್ನು ಇಳಿಸಿ, ಸಾಮಾನು ಕಟ್ಟುತ್ತಿದ್ದರು. ವಿದಾಯ ಹೇಳಲು ಹೋದೆ. “ಅವ್ರು ಓದಿದ್ದು ಇನ್ನೂ ಇದೆಯಮ್ಮ. ಇಲ್ಲಿಗೆ ಬೇಡವಲ್ಲ, ಅಳಿಸ್ತೀನಿ. ನಿಮಗೊಂದು ಕಾಪಿ ಬೇಕಾ? ಫೋನಿಗೇ ಹಾಕ್ಕೊಡ್ತೀನಿ, ಒಂದು ನಿಮಿಷದ ಕೆಲಸ.”

ಬೇಡ ಅಂದೆ. ಅನ್ನಲು ಸ್ವಲ್ಪ ಹೊತ್ತು ಹಿಡಿಯಿತು. ಅವರು ಕಾದರು.

ಬೀಗದಕ್ಕ ಬ್ಯಾಗು ಹಿಡಿದು ಗೇಟಿನವರೆಗೆ ಬಂದಳು. ಕತ್ತಲೆ ಕೋಣೆಗೆ ನಿನ್ನೆ ಮೊದಲ ಅತಿಥಿ ಬಂದಿದ್ದನಂತೆ. “ಆ ಹುಡುಗಿ ಈಗ ಹೇಗಿದ್ದಾಳೆ ಅಂತ ಕೇಳಿದ ಕಣ್ರೀ. ಯಾವ ಹುಡುಗಿ ಅಂದೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡವಳು ಅಂದ. ನಾನೇನು ಹೇಳ್ಲಿ? ಹುಷಾರಾಗಿದ್ದಾಳೆ, ಇವತ್ತೇ ಮನೆಗೆ ಹೋಗ್ತಾಳೆ ಅಂದೆ.”

ಇಬ್ಬರೂ ನಕ್ಕೆವು. ಬಸ್ಸಿಗೆ ಇನ್ನೂ ಹೊತ್ತಿತ್ತು. ರಸ್ತೆ ದಾಟಲು ಹೆಜ್ಜೆ ಎತ್ತಿದವಳು ಹಾಗೇ ತಿರುಗಿದೆ. “ಅಕ್ಕ, ಬ್ಯಾಗು ಹಿಡ್ಕೊಂಡಿರಿ” ಅಂದು ಓಡಿದೆ. ಅಂಗಳದಲ್ಲಿ ತಿಂಡಿಯವರು ಇನ್ನೂ ಕೂತಿದ್ದರು, ಎಲ್ಲರೂ ತಿರುಗಿ ನೋಡಿದರು, ನೋಡಲಿ ಅನ್ನಿಸಿತು. ಯಾರದೋ ಕುರ್ಚಿಗೆ ಎಡವಿದೆ. ಕೊನೆಯ ಕೋಣೆಯ ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತಾಗ ಸದ್ದಿನಣ್ಣ ವೈರು ಸುತ್ತುತ್ತಿದ್ದರು.

“ಅಣ್ಣ, ಅದು...”

ಅವರ ಕೈ ನಿಂತಿತು. “ಆಗ್ಲೇ ಅಳಿಸಿಬಿಟ್ಟೆನಲ್ಲಮ್ಮ. ಬೇಡ ಅಂದ್ರಲ್ಲ?”

“ಹೌದು” ಅಂದೆ. “ಬೇಡ ಅಂದೆ.”

“ಏನಾದ್ರೂ ಮರೆತು ಹೋಗಿದ್ರಾ?”

“ಇಲ್ಲ. ಅಳಿಸಿದ್ರೋ ಇಲ್ವೋ ಅಂತ ಕೇಳೋಕೆ ಬಂದೆ” ಅಂದೆ. “ಒಳ್ಳೇದಾಯ್ತು.”

ಅವರು ಕುರ್ಚಿಯ ಮೇಲಿದ್ದ ವೈರಿನ ಸುರುಳಿಗಳನ್ನು ಎತ್ತಿ ಕೆಳಗಿಟ್ಟು, ಕೂತ್ಕೊಳ್ಳಮ್ಮ, ಸ್ವಲ್ಪ ಸುಧಾರಿಸ್ಕೊ ಅಂದರು. ಕೂತೆ. ಅವರು ಮತ್ತೆ ವೈರು ಸುತ್ತತೊಡಗಿದರು. ಅಷ್ಟು ಹೊತ್ತು ಅಲ್ಲಿ ಬೇರೆ ಯಾವ ಸದ್ದೂ ಇರಲಿಲ್ಲ.